ಬಾಯಿ ಬೇಡಿದ್ದು, ಮನಸು ಬೇಡಿದ್ದು

ಹುಬ್ಬಳ್ಳಿ
೧೮ ಜುಲೈ ೧೯೬೫

ಪೂಜ್ಯ ಹನ್ನಾ ಅಕ್ಕಾವ್ರಿಗೆ,
ನಿಮ್ಮ ಸಲೋಮಿ ಮಾಡುವ ವಂದನೆಗಳು.

ನೀವು ಧಾರವಾಡದ ಹೆಣ್ಣುಮಕ್ಕಳ ಬೋರ್ಡಿಂಗ್ ಬಿಟ್ಟು ಹೊನ್ನಾವರಕ್ಕ ಹೋದ ಮ್ಯಾಲೆ ನಾ ಬರೇ ಕ್ರಿಸ್‌ಮಸ್ಸಿಗೆ ಒಂದೊಂದು ಕಾರ್ಡು ಹಾಕೀನಿ. ಈಗ ಒಮ್ಮಿಗಲೆ ಲಕೋಟಿ ಬಂದದ್ದು ನೋಡಿ ಗಾಬರಿ ಆಗಬ್ಯಾಡ್ರಿ. ಎಲ್ಲಾರೂ ಆರಾಮ ಅದೀವಿ.

ನಮ್ಮನಿಯವರು ಕ್ರಿಸ್‌ಮಸ್ಸಿಗೆ ಬಂದು ಹೋಗಿದ್ರು, ಮತ್ತ ಮೇ ತಿಂಗಳಾಗ ಪಲ್ಟನ್ನಿನಿಂದ ಸೂಟಿಮ್ಯಾಲೆ ಬಂದಿದ್ರು. ಜೂನ್ ಹದಿನೈದಕ್ಕ ತಿರುಗಿ ಹೋದ್ರು. ಈಗ ಕಾಶ್ಮೀರದ ಕಡೆ ಎಲ್ಲೋ ಅದಾರಂತ. ಮನ್ಯಾಗ ನಾನು, ಅತ್ತಿ ಇಬ್ಬರ. ಅತ್ತೀಗೆ ಮೊಣಕಾಲು ಬ್ಯಾನಿ, ಐತವಾರ ಚರ್ಚಿನ ಗುಡೀಗೆ ಬಿಟ್ಟರ ಎಲ್ಲೂ ಹೋಗಂಗಿಲ್ಲ. ನಾನು ಮಗ್ಗಲ ಮನಿ ಮಕಬೂಲಸಾಬರ ಟೇಲರ್ ಅಂಗಡಿಗೆ ಕಾಜ ಮಾಡಿ ಗುಂಡಿ ಹಚ್ಚಿ ಕೊಡತೇನಿ, ಪೋಲಕಾ ಹೊಲೀತೇನಿ. ನೀವು ಕಲಿಸಿದ ಹೊಲಿಗಿ ಕೈ ಹಿಡದೈತಿ.

ಒಂದು ಸುದ್ದಿ ತಿಳಸಬೇಕು. ನನಗ ಐದು ತಿಂಗಳಾಗಿತ್ತು. ಅದು ಉಳೀಲಿಲ್ಲ. ಜೂನ್ ಹತ್ತಕ್ಕ ಹೋತು. ನಳದ ಹತ್ರ ಕಾಲು ಜಾರಿ ಬಿದ್ದೆ. ಈಗ ಮೈ ಸುಧಾರಿಸೈತಿ.

ಆದರ ಪತ್ರ ಬರಿಯಾಕ ಕಾರಣ ಬ್ಯಾರೆ. ಬೋರ್ಡಿಂಗಿನಾಗ ಸಂಜೀ ಪ್ರಾರ್ಥನಾ ಮುಗಿದ ಮ್ಯಾಲೆ ನೀವು ನಮ್ಮನ್ನ ಚಾಪಿಮ್ಯಾಲೆ ಕುಂಡರಿಸಿಕೊಂಡು ಹೇಳತಿದ್ರಿ: ಕೈಲೆ ಮಾಡಿದ್ದನ್ನ ಮಂದಿ ನೋಡತಾರ, ಮನಸಿನಾಗ ಮಾಡಿದ್ದನ್ನ ದೇವರು ನೋಡತಾನ, ಆತಗ ಎರಡೂ ಒಂದ. ಅದಕ್ಕ ಮನಸಿಗೆ ಕಾವಲು ಇಡ್ರಿ ಅಂತಿದ್ರಿ. ನನಗ ಒಂದು ಕೆಟ್ಟ ವಿಚಾರ ಬರಾಕತ್ತೈತಿ ಅಕ್ಕಾವ್ರ. ಕರಿಯಂಗಿಲ್ಲ, ತಾನ ಬರತೈತಿ. ಸೂಜಿಗೆ ದಾರ ಪೋಣಸೂಮುಂದ ಬರತೈತಿ, ಗುಡ್ಯಾಗ ಹಾಡು ಹಾಡೂಮುಂದ ಬರತೈತಿ. ಏನಂತ ಬರಿಯಾಕ ಕೈ ಬರವೊಲ್ದು. ಹಿಂಥಾದು ಬಂದ್ರ ಏನು ಮಾಡಬೇಕು, ಅದಷ್ಟ ತಿಳಿಸ್ರಿ.

ನಿಮ್ಮ ಮಗಳು,
ಸಲೋಮಿ


ಹೊನ್ನಾವರ
೨೯ ಜುಲೈ ೧೯೬೫

ಕರ್ತನಲ್ಲಿ ಪ್ರಿಯ ಸಲೋಮಿಗೆ,

ನಿನ್ನ ಕಾಗದ ಕೈ ಸೇರಿತು. ಮಗುವಿನ ವಿಷಯ ಓದಿ ಬಹಳ ವ್ಯಸನವಾಯಿತು. ಕೊಟ್ಟವನು ಅವನು, ತೆಗೆದುಕೊಂಡವನೂ ಅವನು. ಮಳೆಗಾಲದಲ್ಲಿ ನಳದ ಕಲ್ಲು ಪಾಚಿಗಟ್ಟಿರುತ್ತದೆ, ಇನ್ನು ಮೇಲೆ ಜೋಪಾನ.

ನೀನು ಬರೆಯಲು ಹಿಂಜರಿದ ವಿಚಾರ ಯಾವುದೆಂದು ನಾನು ಊಹಿಸಬಲ್ಲೆ. ನಾನು ನಲವತ್ತು ವರ್ಷ ಹೆಣ್ಣುಮಕ್ಕಳನ್ನು ಬೆಳೆಸಿದವಳು. ಗಂಡ ದೂರ ದೇಶದಲ್ಲಿ, ನಿನಗೆ ಇಪ್ಪತ್ಮೂರು ವರ್ಷ, ಅಂಗಡಿಗೆ ಹೋಗಿ ಬರುವಾಗ ನಾಲ್ಕು ಜನರ ಕಣ್ಣು ಬೀಳುತ್ತದೆ. ಒಬ್ಬ ಯಾರೋ ಒಂದು ಮಾತು ಮೃದುವಾಗಿ ಆಡಿರಬಹುದು. ಅದು ಮೊದಲು ಬಾಗಿಲ ಹೊರಗೇ ನಿಂತು ಮಾತಾಡುತ್ತದೆ. ಕೂಡ್ರಲು ಮಣೆ ಹಾಕಬೇಡ. ಆ ವಿಚಾರ ಬಂದ ಕೂಡಲೇ ಒಂದು ಹಾಡಿನ ಸೊಲ್ಲನ್ನು ಬಾಯಲ್ಲಿ ಹಿಡಿ. ಬಾಯಿ ತುಂಬಿದ್ದರೆ ಮನಸ್ಸು ಖಾಲಿ ಇರುವುದಿಲ್ಲ. ಅಂಗಡಿಗೆ ನೀನೇ ಹೋಗಬೇಡ, ಬಟ್ಟೆಯನ್ನು ಮನೆಗೇ ತರಿಸಿಕೋ.

ನಿನ್ನ ಅತ್ತೆ ಶೇವಂತೆವ್ವನಿಗೆ ನನ್ನ ವಂದನೆ. ನಿನ್ನ ಗಂಡ ಎಲಿಯಪ್ಪನಿಗೆ ಕಾಗದ ಬರೆಯುವಾಗ ನಾನು ಕೇಳಿದೆನೆಂದು ತಿಳಿಸು.

ನಿನ್ನ ಹಿತ ಬಯಸುವ,
ಹನ್ನಾ


ಹುಬ್ಬಳ್ಳಿ
೧೨ ಆಗಸ್ಟ್ ೧೯೬೫

ಪೂಜ್ಯ ಅಕ್ಕಾವ್ರಿಗೆ ವಂದನೆಗಳು.

ನೀವು ಬರದಂಥಾದು ಏನೂ ಇಲ್ಲ. ಯಾ ಗಂಡಸಿನ ಕಡೆನೂ ನನ್ನ ಲಕ್ಷ್ಯ ಇಲ್ಲ. ಮಕಬೂಲಸಾಬರಿಗೆ ನಮ್ಮಪ್ಪನ ವಯಸ್ಸು. ಅರಿವಿ ತಂದು ಕೊಡಾಕಿ ಅವರ ಹೆಂಡತಿ ಸಿತಾರಾ. ನನ್ನ ವಿಚಾರ ನಮ್ಮನಿಯವರ ಬಗ್ಗೇನ ಐತಿ. ಅಷ್ಟ ಬರೀತೇನಿ, ಮುಂದ ಕೇಳಬ್ಯಾಡ್ರಿ.

ನೀವು ಹೇಳಿದಂಗ ಹಾಡು ಹಿಡದೆ. ಮಷೀನು ತುಳಕೋತ ದಿನಾ ಹಾಡತೇನಿ. "ಏನವಾ, ಇಷ್ಟು ಖುಷಿ ಆಗೀದಿ" ಅಂತ ಸಿತಾರಾ ನಗತಾಳ. ಹಾಡು ಬಾಯಾಗ ಇರತೈತಿ, ವಿಚಾರ ಅದರ ತಳಗಿಂದ ಹಾದು ಬರತೈತಿ. ಹಾಡು ನಿಲ್ಲಿಸಿದ್ರ ಸುದ್ದಾ ಹೋಗಂಗಿಲ್ಲ. ಒಂದ್ಸಲ ಬಂತಂದ್ರ ಎಡಗೈ ಬೆರಳಿಗೆ ಸೂಜಿ ಚುಚ್ಚಿಕೊಳ್ಳಾಕ ಶುರು ಮಾಡೇನಿ, ನೆನಪಿರಲಿ ಅಂತ. ಈಗ ಆ ಬೆರಳಿಲೆ ಅರಿವಿ ಹಿಡಿಯಾಕ ಆಗವೊಲ್ದು.

ಅವರ ಪತ್ರ ಬಂದು ಇಪ್ಪತ್ತು ದಿನಾತು. ಅತ್ತಿ ದಿನಾ ಸಂಜೀಕ ನನ್ನ ಬಾಜೂಕ ಕುಂಡರಿಸಿಕೊಂಡು ಪ್ರಾರ್ಥನಾ ಮಾಡತಾರ. ಅಲ್ಲೆ ಗಡಿಯಾಗ ಏನೇನೋ ನಡದೈತಿ ಅಂತ ಮಂದಿ ಅನ್ನಾಕತ್ತಾರ. ನಿಮಗ ಏನರ ಗೊತ್ತೈತೇನು?

ಸಲೋಮಿ


ಹೊನ್ನಾವರ
೨೪ ಆಗಸ್ಟ್ ೧೯೬೫

ಪ್ರಿಯ ಸಲೋಮಿ,

ಈಗ ನನಗೆ ತಿಳಿಯಿತು, ಮೊದಲಿನ ಕಾಗದದಲ್ಲಿ ನಿನ್ನ ಮೇಲೆ ಅನ್ಯಾಯದ ಸಂಶಯ ಪಟ್ಟೆ. ಕ್ಷಮಿಸು. ಅವನಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ನಿನ್ನನ್ನು ತಿನ್ನುತ್ತಿದೆ. ಸಿಪಾಯಿಯ ಹೆಂಡತಿಗೆ ಅದು ಸಹಜ, ಪಾಪವಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಅಪಶಕುನವೆಂದು ನೀನು ಹೆದರಿದ್ದೀ. ನಮ್ಮಲ್ಲಿ ಶಕುನ ಅಪಶಕುನ ಎಂಬುದಿಲ್ಲ. ಸೂಜಿಯ ಹುಚ್ಚು ಕೆಲಸ ಬಿಡು.

ಇಷ್ಟೊಂದು ಪ್ರೀತಿ ನಿಮ್ಮಿಬ್ಬರ ನಡುವೆ ಬೆಳೆದದ್ದಕ್ಕೆ ನಾನು ದೇವರನ್ನು ಕೊಂಡಾಡಿದೆ. ಬೋರ್ಡಿಂಗಿನ ಹುಡುಗಿಯರಿಗೆ ಮನೆ ಹುಡುಕುವಾಗ ನಾನು ಪಟ್ಟ ಕಷ್ಟ ಸಾರ್ಥಕವಾಯಿತು. ನಿಮ್ಮ ಮದುವೆ ನಾನು ಮಾಡಿದ ಕೊನೆಯ ಮದುವೆ.

ಅತ್ತೆಯ ಜೊತೆ ಪ್ರಾರ್ಥನೆ ಬಿಡಬೇಡ.

ಹನ್ನಾ


ಹುಬ್ಬಳ್ಳಿ
೨೭ ಸಪ್ಟೆಂಬರ್ ೧೯೬೫

ಅಕ್ಕಾವ್ರಿಗೆ,

ಪಲ್ಟನ್ನಿನಿಂದ ತಂತಿ ಸುದ್ದಿ, ತಾರು ಬಂದೈತಿ. ಮಕಬೂಲಸಾಬರು ಓದಿ ಹೇಳಿದ್ರು. ಇದ ತಿಂಗಳು ಹನ್ನೊಂದರಿಂದ ಅವರ ಪತ್ತೆ ಇಲ್ಲಂತ. ಸತ್ತಾರಂತನೂ ಇಲ್ಲ, ಅದಾರಂತನೂ ಇಲ್ಲ.

ಇನ್ನ ಮುಚ್ಚಿಡಾಕ ನನ್ನ ಕಡಿಂದ ಆಗಂಗಿಲ್ಲ. ನೀವು ನನಗ ಬಡೀರಿ, ಬೈರಿ, ಏನರ ಮಾಡ್ರಿ. ನನಗ ಬರತಿದ್ದ ವಿಚಾರ ಅವರಿಗೆ ಏನರ ಆದೀತು ಅನ್ನೂ ಹೆದರಿಕಿ ಅಲ್ಲ. ಅವರು ತಿರುಗಿ ಬರೂದು ಬ್ಯಾಡ ಅಂತ ಬರತಿತ್ತು. ಮೊದಲ ಅಷ್ಟ ಇತ್ತು. ಆಮ್ಯಾಲೆ ಚಿತ್ರಾನ ಕಾಣಾಕ ಶುರುವಾತು. ಪೋಸ್ಟಿನವ ಬಾಗಲದಾಗ ನಿಂತಾನ, ಕೈಯಾಗ ತಾರು ಐತಿ. ಮೊನ್ನೆ ಖರೇನ ಅವ ಬಂದು ನಿಂತಾಗ ನಾ ಇದನ್ನ ಮೊದಲ ನೋಡೀನಿ ಅನಿಸ್ತು.

ಇನ್ನೂ ಒಂದು ಐತಿ, ಅದು ಇದಕ್ಕಿಂತ ಕೆಟ್ಟದ್ದು. ವಿಚಾರ ಬಂದ್ರ ಬಂತು, ನಾ ಕರದಿಲ್ಲ ಅಂತ ಸಮಾಧಾನ ಮಾಡಿಕೋಬಹುದಿತ್ತು. ಆದರ ಸಪ್ಟೆಂಬರ್ ಮೊದಲನೇ ವಾರದಾಗ ಅತ್ತಿ ಬಾಜೂಕ ಮೊಣಕಾಲೂರಿ ಕುಂತಾಗ, ಅವರು "ನನ್ನ ಮಗನ್ನ ಸುಖರೂಪ ತಂದು ಮುಟ್ಟಸಪಾ" ಅಂತ ಬೇಡಿದ್ರು. ನನ್ನ ಬಾಯೀನೂ ಹಂಗ ಬೇಡ್ತು. ಒಳಗ ಮನಸು "ಬ್ಯಾಡ" ಅಂತು. ಬಂದು ಹೋದ ವಿಚಾರ ಅಲ್ಲ ಅದು. ದೇವರ ಮುಂದ ಕುಂತು, ತಿಳದು, ದೇವರಿಗೇ ಹೇಳಿದ್ದು. ಅದರ ಮುಂದಿನ ವಾರನ ಅವರು ಕಾಣದಂಗ ಆದ್ರು.

ದೇವರಿಗೆ ಎರಡೂ ಒಂದ ಅಂತ ನೀವ ಕಲಿಸೀರಿ. ಹಂಗಾದ್ರ ನಾ ಅವರನ್ನ ಕೊಂದೀನೇನು? ಇದಷ್ಟಕ್ಕ ಉತ್ತರಾ ಬರೀರಿ. ಹೌದಂದ್ರ ಹೌದನ್ರಿ.

ಸಲೋಮಿ


ಹೊನ್ನಾವರ
೧ ಅಕ್ಟೋಬರ್ ೧೯೬೫

ಸಲೋಮಿ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಅದನ್ನು ಬೇರೆ ಯಾರೂ ನೋಡಬಾರದು.

ಇಂಥ ವಿಚಾರ ಒಬ್ಬ ಕ್ರೈಸ್ತ ಹೆಂಡತಿಯ ಮನಸ್ಸಿನಲ್ಲಿ ಹೇಗೆ ಹುಟ್ಟಿತು? ಅನ್ನ ಹಾಕುವ ಗಂಡ, ದೇವಭಯವುಳ್ಳ ಮನೆ. ಕಾವಲು ಇದ್ದಲ್ಲಿ ಇದು ನುಗ್ಗುತ್ತಿರಲಿಲ್ಲ. ಕೊಂದೆಯಾ ಎಂದು ನನ್ನನ್ನು ಕೇಳಬೇಡ, ಮೊಣಕಾಲೂರಿ ಅವನನ್ನು ಕೇಳು. ಪಶ್ಚಾತ್ತಾಪಪಡು. ಅತ್ತೆಗೆ ಹೇಳಬೇಡ, ಪಾದ್ರಿಗಳಿಗೂ ಹೇಳಬೇಡ. ನನಗೂ ಇನ್ನು ಈ ವಿಷಯ ಬರೆಯಬೇಡ.

ಹನ್ನಾ


ಹುಬ್ಬಳ್ಳಿ
೬ ಅಕ್ಟೋಬರ್ ೧೯೬೫

ಅಕ್ಕಾವ್ರಿಗೆ,

ಬರೀಬ್ಯಾಡ ಅಂದೀರಿ. ಇದೊಂದು ಬರದು ಸುಮ್ಮನಾಗತೇನಿ. ಹೆಂಗ ಹುಟ್ಟಿತು ಅಂತ ಕೇಳೀರಲ್ಲ, ಅದಕ್ಕ.

ನಾ ನಳದ ಹತ್ರ ಬಿದ್ದಿಲ್ಲ.

ಜೂನ್ ಹತ್ತಕ್ಕ ಮಧ್ಯಾಹ್ನ ಅವರು ಹೊರಗಿಂದ ಬಂದು ಬೂಟು ಸುದ್ದಾ ಬಿಚ್ಚದ ಉಣ್ಣಾಕ ಕುಂತಿದ್ರು. ಪಲ್ಯಕ್ಕ ಉಪ್ಪು ಕಡಿಮಿ ಆಗಿತ್ತು. ತರತೇನಿ ಅಂತ ಎದ್ದೆ. ಹೊಟ್ಟಿ ಭಾರಕ್ಕ ಏಳಾಕ ತಡಾ ಆತು. "ಸಿಪಾಯಿ ಮನಿಗೆ ಬಂದ್ರ ಹಿಂಗ ಏಳತಾರೇನು" ಅಂದ್ರು. ಮೊದಲ ಕೈಲೆ ಬಡದ್ರು. ನಾ ಗೋಡೆ ಹಿಡಕೊಂಡು ಕುಂತೆ. ಆಮ್ಯಾಲೆ ಬೂಟಗಾಲಿಲೆ ಒದ್ದರು, ಎರಡ್ಸಲ. ಹೆಣ್ಣು ಕೂಸು ಇತ್ತು. ಸಿತಾರಾ ಬಂದು ಸೂಲಗಿತ್ತೀನ್ನ ಕರಕೊಂಡು ಬಂದ್ಲು. ನಳದ ಹತ್ರ ಬಿದ್ದೆ ಅಂತ ಹೇಳು ಅಂತ ನಮ್ಮನಿಯವರ ಹೇಳಿಕೊಟ್ರು. ಅದನ್ನ ನಿಮಗೂ ಬರದೆ.

ಇದು ಮೊದಲನೇದಲ್ಲ. ಮದುವಿ ಆಗಿ ನಾಲ್ಕು ವರ್ಷಾತು. ಪ್ರತಿ ಸೂಟಿಗೂ ಇದ ಕಥಿ. ಅವರು ರೈಲು ಹತ್ತಿದ ದಿವಸ ನನಗ ಹಸಿವಿ ಆಗತೈತಿ. ಅವರು ಇರೂತನಾ ನನಗ ಹಸಿವಿನ ಆಗಂಗಿಲ್ಲ.

ಮೊದಲ ತಿಳಿಸಿದ್ರ ನೀವು ಏನಂತಿದ್ರಿ ನನಗ ಗೊತ್ತಿಲ್ಲ. ಗಂಡನ ಕೆಟ್ಟದ್ದನ್ನ ಮನಸಿನಾಗ ಇಟ್ಟುಕೋಬಾರದು ಅಂತ ನಮಗ ಮದುವಿ ಮೊದಲ ಹೇಳಿ ಕಳಿಸಿದ್ರಿ. ನಾನು ಇಟ್ಟುಕೊಳ್ಳಲಿಲ್ಲ. ಒದ್ದದ್ದನ್ನ ನೆನಸಬಾರದು ಅಂತ ಕಾವಲು ಇಟ್ಟೆ. ಅದು ಆ ಬಾಗಲಾ ಬಿಟ್ಟು ಈ ರೂಪದಾಗ ಬಂತು.

ಸಲೋಮಿ


ಹುಬ್ಬಳ್ಳಿ
೨೨ ಅಕ್ಟೋಬರ್ ೧೯೬೫

ಅಕ್ಕಾವ್ರಿಗೆ,

ಪತ್ರ ಮುಟ್ಟಿತೋ ಇಲ್ಲೋ ತಿಳೀಲಿಲ್ಲ. ಮುಟ್ಟಿದ್ದರ ಒಂದು ಕಾರ್ಡರ ಹಾಕ್ರಿ.

ಸಲೋಮಿ


ಹುಬ್ಬಳ್ಳಿ
೮ ನವೆಂಬರ್ ೧೯೬೫

ಅಕ್ಕಾವ್ರಿಗೆ,

ನಿಮ್ಮ ಉತ್ತರಾ ಬರಲಿಲ್ಲ. ಬರತೈತಿ ಅಂತ ಈಗ ಕಾಯವೊಲ್ಲೆ. ಆದರೂ ಬರೀತೇನಿ, ಹಿಂಥಾದು ಬರಿಯಾಕ ಬ್ಯಾರೆ ಯಾರೂ ನನಗಿಲ್ಲ.

ಹೋದ ಐತವಾರ ಗುಡ್ಯಾಗ ನನ್ನನ್ನ ಮುಂದಿನ ಬಾಕಿನಮ್ಯಾಲೆ ಕುಂಡರಿಸಿದ್ರು. ದೇಶಕ್ಕ ಗಂಡನ್ನ ಕೊಟ್ಟಾಕಿ ಅಂತ ಪಾದ್ರಿ ಸಾಹೇಬ್ರು ಹೆಸರು ಹಿಡದು ಪ್ರಾರ್ಥನಾ ಮಾಡಿದ್ರು. ಹೆಣ್ಣುಮಕ್ಕಳೆಲ್ಲ ಬಂದು ನನ್ನ ಕೈ ಹಿಡದು ಅತ್ತರು. ನಾನೂ ಅತ್ತೆ. ನನಗ ಅಳು ಬಂದದ್ದು ಯಾಕ ಅಂತ ಅವರಿಗೆ ಗೊತ್ತಾಗಿದ್ರ ಕೈ ಬಿಡತಿದ್ರು. ಕರ್ತನ ಭೋಜನದ ಬಟ್ಟಲಾ ನನ್ನ ಕಡೆ ಬಂತು. ತುಟಿಗೆ ಹಚ್ಚದ ಹಂಗ ಮುಂದಿನವರಿಗೆ ಕೊಟ್ಟೆ. ಅತ್ತಿ ನೋಡಿದ್ರು.

ಅನ್ನ ಸೇರವೊಲ್ದು. ರೇಶನ್ನಿನಾಗ ಅಮೇರಿಕಾದ ಕೆಂಪು ಜ್ವಾಳ ಕೊಡಾಕತ್ತಾರ, ಅದರ ರೊಟ್ಟಿ ಬಾಯಾಗ ಮಣ್ಣಾದಂಗ ಆಗತೈತಿ. ನನಗ ಎಲ್ಲಾನೂ ಹಂಗ ಆಗೈತಿ.

ಮೊನ್ನೆ ಬುಧವಾರ ಮುಂಜಾನೆ ನಡಕೋತ ಉಣಕಲ್ ಕೆರೀತನಾ ಹೋದೆ. ದಂಡಿಮ್ಯಾಲೆ ನಿಂತೆ. ಯಾಕ ಹೋಗಿದ್ದೆ ಅಂತ ಕೇಳಬ್ಯಾಡ್ರಿ. ಸಿತಾರಾ ನನ್ನ ಹಿಂದಿಂದನ ಬಂದಿದ್ಲಂತ, ನನಗ ಗೊತ್ತಿರಲಿಲ್ಲ. ಬಂದು ಮುಂಗೈ ಹಿಡಕೊಂಡ್ಲು. "ನೀ ಯಾರಿಗೂ ಹೊಡದಿಲ್ಲ. ಹೊಡಸಿಕೊಂಡಾಕಿ ನೀನು. ಇದನ್ನ ಯಾರ ಮುಂದರ ಬಾಯಿಬಿಟ್ಟು ಹೇಳೀಯೇನು?" ಅಂದ್ಲು.

"ಹೇಳೀನಿ. ನನ್ನ ಬೆಳೆಸಿದವರಿಗೆ ಬರದೀನಿ."

"ಏನಂದ್ರು?"

"ಏನೂ ಅನ್ನಲಿಲ್ಲ."

ಆಕಿ ಮುಂಗೈ ಬಿಡದ ನನ್ನನ್ನ ದಾರಿ ಕಡೆ ತಿರುಗಿಸಿದ್ಲು. ಆಮ್ಯಾಲೆ, "ಅವರಿಗೂ ಏನೋ ಇರಬೇಕು, ಬಾ ಮನಿಗೆ" ಅಂದ್ಲು. ಬಂದೆ. ಈಗ ದಿನಾ ಮಷೀನು ತಂದು ನನ್ನ ಎದರಿಗೆ ಇಟ್ಟುಕೊಂಡು ಕುಂಡರತಾಳ, ನನ್ನ ಒಬ್ಬಾಕೀನ್ನ ಬಿಡಂಗಿಲ್ಲ.

ಸಲೋಮಿ


ಹೊನ್ನಾವರ
೧೩ ನವೆಂಬರ್ ೧೯೬೫

ನನ್ನ ಮಗಳೇ,

ನಿನ್ನ ಎಲ್ಲ ಕಾಗದಗಳೂ ಮುಟ್ಟಿವೆ. ಅಕ್ಟೋಬರ್ ಆರರದು ಒಂಬತ್ತಕ್ಕೇ ಬಂತು. ಉತ್ತರ ಬರೆಯಲಿಲ್ಲ, ಯಾಕೆಂದರೆ ಬರೆದರೆ ಖರೇ ಬರೆಯಬೇಕಾಗುತ್ತಿತ್ತು. ಕೆರೆಯ ಸುದ್ದಿ ಓದಿದ ಮೇಲೆ ಇನ್ನು ಒಂದು ದಿನವೂ ತಡೆಯಲಾರೆ. ಈ ಕಾಗದ ಓದಿ ಮುಗಿಸುವವರೆಗೆ ಸಿತಾರಾಳನ್ನು ಹತ್ತಿರ ಕೂಡ್ರಿಸಿಕೋ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ. ನೀನು ಅವನನ್ನು ಕೊಂದಿಲ್ಲ. ಪ್ರಾರ್ಥನೆ ಗುಂಡಲ್ಲ. ನೀನು ಬೇಡಿದ್ದಕ್ಕೆ ಒಬ್ಬನ ಪ್ರಾಣ ತೆಗೆಯುವಂಥ ದೇವರನ್ನು ನಾನು ನಿನಗೆ ಕಲಿಸಿದ್ದರೆ, ತಪ್ಪು ಕಲಿಸಿದ್ದೇನೆ.

ಇನ್ನು ನನ್ನ ವಿಷಯ.

೧೯೬೧ರ ಫೆಬ್ರುವರಿಯಲ್ಲಿ ಹುಡುಗನ ಮನೆತನ ನೋಡಲು ನಾನು ಹೆಬ್ಬಳ್ಳಿಗೆ ಹೋಗಿದ್ದೆ. ಆಗ ಶೇವಂತೆವ್ವನ ಮನೆಯವರು ಅಲ್ಲೇ ಇದ್ದರು. ತಿರುಗಿ ಬರುವಾಗ ಬಸ್ಸಿಗೆ ಕಾಯುತ್ತಿದ್ದೆ. ಅವರ ನೆರೆಮನೆಯ ಅಂಬಾಬಾಯಿ ಎಂಬಾಕೆ ಹುಡುಕಿಕೊಂಡು ಬಂದಳು. "ಅಕ್ಕಾವ್ರ, ಹೆಣ್ಣು ಕೊಡೂದಕ್ಕ ಮೊದಲ ವಿಚಾರ ಮಾಡ್ರಿ. ಹುಡುಗ ಕೈ ಮಾಡತಾನ. ತಂಗೀಗೆ ಹೊಡದು ಒಂದು ಕಿವಿ ಕೆಡಿಸ್ಯಾನ. ಆಕೀಗೆ ಆ ಕಡೆ ಕೇಳಿಸಂಗಿಲ್ಲ" ಎಂದಳು. ನಾನೇನು ಮಾಡಿದೆ ಗೊತ್ತೇ? ಮತ್ತೊಬ್ಬರ ಬಗ್ಗೆ ಕೆಟ್ಟದ್ದನ್ನು ಯೋಚಿಸಬಾರದು ಎಂದುಕೊಂಡೆ. ಆಕೆಗೆ ಅವರ ಮೇಲೆ ಏನೋ ಹೊಟ್ಟೆಕಿಚ್ಚು ಇರಬೇಕೆಂದುಕೊಂಡೆ. ಬಸ್ಸಿನಲ್ಲಿ ಕೂತು ಒಂದು ಹಾಡಿನ ಸೊಲ್ಲು ಹಿಡಿದೆ. ಧಾರವಾಡ ಬರುವಷ್ಟರಲ್ಲಿ ಮನಸ್ಸು ತಿಳಿಯಾಗಿತ್ತು. ಬಹಳ ಚೆನ್ನಾಗಿ ಕಾವಲು ಕಾಯ್ದೆ.

ಮರು ವರ್ಷ ನನಗೆ ನಿವೃತ್ತಿ ಇತ್ತು. ಹೋಗುವ ಮೊದಲು ನಿನಗೊಂದು ಮನೆ ಮಾಡಿ ಹೋಗಬೇಕೆಂಬ ಅವಸರ. ಇದ್ದದ್ದೇ ಅದು. ಉಳಿದದ್ದಕ್ಕೆ ನಾನು ದೇವರ ಹೆಸರು ಹಚ್ಚಿದೆ.

ಜುಲೈದಲ್ಲಿ ನಿನ್ನ ಕಾಗದ ಬಂತು. ನಳದ ಹತ್ತಿರ ಬಿದ್ದೆ ಎಂದು ನೀನು ಬರೆದಿದ್ದೆ. ಅದನ್ನು ಓದಿದ ಕೂಡಲೇ ಅಂಬಾಬಾಯಿಯ ಮುಖ ನನ್ನ ಕಣ್ಣ ಮುಂದೆ ಬಂತು. ಅದನ್ನು ನಾನು ಹೊರಗೆ ತಳ್ಳಿದೆ. ತಳ್ಳಿ, ನಿನ್ನ ಮೇಲೆ ಪರಪುರುಷನ ಸಂಶಯ ಹೊರಿಸಿದೆ. ನೀನು ಕೆಟ್ಟವಳಾಗಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಅದನ್ನು ಪ್ರೀತಿ ಎಂದೆ, ಆಮೇಲೆ ಪಾಪ ಎಂದೆ. ನಿಜ ಏನೆಂದು ಒಮ್ಮೆಯೂ ಕೇಳಲಿಲ್ಲ, ನನಗೆ ಗೊತ್ತಿತ್ತು.

ಕಾವಲು ಎಂದರೆ ಬಾಗಿಲು ಮುಚ್ಚುವುದು ಎಂದು ನಲವತ್ತು ವರ್ಷ ಕಲಿಸಿದೆ. ಬಂದದ್ದು ಕಳ್ಳನೋ, ಪೆಟ್ಟು ತಿಂದು ಓಡಿ ಬಂದವನೋ ಎಂದು ನೋಡುವುದನ್ನು ಕಲಿಸಲಿಲ್ಲ. ನಾನೂ ನೋಡಲಿಲ್ಲ.

ನಿನ್ನ ಹತ್ತಿರ ಕ್ಷಮೆ ಕೇಳುವ ಧೈರ್ಯ ನನಗಿಲ್ಲ. ಕೇಳುವುದೂ ಇಲ್ಲ. ಆದರೆ ಇನ್ನೊಮ್ಮೆ ಆ ಕೆರೆಗೆ ಹೋಗುವುದಿಲ್ಲ ಎಂದು ಒಂದು ಕಾರ್ಡು ಹಾಕು. ಇಲ್ಲಿ ಎರಡು ಕೋಣೆಯ ಮನೆ ಇದೆ, ಒಂದು ನಿನ್ನದು. ಯಾವಾಗ ಬಂದರೂ ಸರಿ.

ಹನ್ನಾ


ಹುಬ್ಬಳ್ಳಿ
೧೭ ನವೆಂಬರ್ ೧೯೬೫

ಹೋಗಂಗಿಲ್ಲ. ಇವತ್ತು ಇಷ್ಟ ಬರಿಯಾಕ ಆಗತೈತಿ. ನಿಮ್ಮ ಮ್ಯಾಲೆ ಭಾಳ ಸಿಟ್ಟು ಐತಿ, ಅದನ್ನ ಮುಚ್ಚಿಡವೊಲ್ಲೆ.

ಸಲೋಮಿ


ಹುಬ್ಬಳ್ಳಿ
೨೦ ಡಿಸೆಂಬರ್ ೧೯೬೫

ಅಕ್ಕಾವ್ರಿಗೆ ವಂದನೆಗಳು.

ಅವರು ಜೀವಂತ ಅದಾರ. ಪಾಕಿಸ್ತಾನದಾಗ ಸೆರೆ ಸಿಕ್ಕಾರ. ರೆಡ್‌ಕ್ರಾಸಿನವರ ಕಡಿಂದ ಒಂದು ಕಾರ್ಡು ಬಂದೈತಿ, ಅವರ ಕೈ ಅಕ್ಷರಾನ. ಆರಾಮ ಇದ್ದೇನೆ, ಚಿಂತೆ ಮಾಡಬೇಡಿರಿ ಅಂತ ಎರಡ ಸಾಲು.

ಅದನ್ನ ಓದಿದಾಗ ಹೊಸಲ ಮ್ಯಾಲೆ ಕುಂತುಬಿಟ್ಟೆ. ನಾ ಕೊಲೆಗಾರತಿ ಅಲ್ಲ ಅನ್ನೂದೊಂದ ತಲ್ಯಾಗ ಇತ್ತು. ಓಣ್ಯಾಗಿನವರಿಗೆಲ್ಲ ಮಕಬೂಲಸಾಬರು ಬೆಲ್ಲ ಹಂಚಿದ್ರು. ನಾನೂ ಒಂದು ತುಣುಕು ಬಾಯಾಗ ಹಾಕಿಕೊಂಡೆ. ಅದು ಕರಗೂದರಾಗ ಗೊತ್ತಾತು, ಅವರು ತಿರುಗಿ ಬರತಾರ. ಸಂಜೀ ಆಗೂದರಾಗ ಹಳೇ ವಿಚಾರ ಬಂದು ನಿಂತಿತ್ತು. ಅದೂ ಸತ್ತಿರಲಿಲ್ಲ.

ಹಾಡು ಹಿಡೀಲಿಲ್ಲ, ಸೂಜಿ ಚುಚ್ಚಿಕೊಳ್ಳಲಿಲ್ಲ. ಅತ್ತೀ ಹತ್ರ ಹೋದೆ. ಅವರು ಮೊರದಾಗ ಜ್ವಾಳ ಹಸನ ಮಾಡಾಕತ್ತಿದ್ರು.

"ಅತ್ತಿ, ನಿಮಗ ಒಂದು ಮಾತು ಹೇಳಬೇಕು."

"ಹೇಳ."

"ನೀವು ಬರಲಿ ಅಂತ ಬೇಡಿಕೊಂಡಾಗ, ನಾ ಬರೂದು ಬ್ಯಾಡ ಅಂತ ಬೇಡೀನಿ."

ಅವರ ಕೈ ನಿಲ್ಲಲಿಲ್ಲ. ಹಳ್ಳು ಆರಿಸಿ ಹೊರಗ ಒಗದ್ರು. "ಗೊತ್ತೈತಿ" ಅಂದ್ರು.

"ಹೆಂಗ ಗೊತ್ತ?"

"ಬಾಜೂಕ ಕುಂತಾಕಿ ನಾ. ಒಂದ ದಿನಾನೂ ನೀ ಆಮೆನ್ ಅನ್ನಲಿಲ್ಲ."

"ಮತ್ತ ಯಾಕ ಸುಮ್ನಿದ್ರಿ? ಬೈಬೇಕಿತ್ತಲ್ಲ."

ಆಗ ಮೊರ ಕೆಳಗಿಟ್ರು. "ಯಾ ಬಾಯಿಲೆ ಬೈಲಿ? ಆವತ್ತ ಮಧ್ಯಾಹ್ನ ನಾ ಒಳಗಿನ ಕೋಲ್ಯಾಗ ಇದ್ದೆ. ಎಲ್ಲಾ ಕೇಳಸ್ತು. ಎದ್ದು ಬಾಗಲಾ ತಗದಿದ್ರ ಕೂಸು ಉಳೀತಿತ್ತು. ಅವನಪ್ಪನೂ ನನಗ ಹಿಂಗ ಬಡೀತಿದ್ದ. ಗಂಡಸರಂದ್ರ ಹಿಂಗ ಅಂತ ಚಾಪಿಮ್ಯಾಲೆ ಕುಂತ ಇದ್ದೆ. ನೀ ಆಮೆನ್ ಅನ್ನದ ಇದ್ದಾಗೆಲ್ಲಾ ನನಗ ಅದ ನೆನಪಾಗತಿತ್ತು. ಆದರ ನನಗ ಅವ ಬೇಕು, ಹೊಟ್ಟೀಲೆ ಹುಟ್ಟ್ಯಾನ. ಏನು ಮಾಡಲಿ ನಾನು?"

ನಾ ಬಾಜೂಕ ಕುಂತು ಹಳ್ಳು ಆರಸಾಕತ್ತಿದೆ. ಇಬ್ಬರೂ ಜ್ವಾಳ ಹಸನ ಮಾಡಿ ಮುಗಿಸಿದಿವಿ.

ನಾ ಹೊನ್ನಾವರಕ್ಕ ಬರಬೇಕೋ ಬ್ಯಾಡೋ ಇನ್ನೂ ತಿಳೀವೊಲ್ದು. ಅವರು ಬಂದ್ರ ನಾ ಏನು ಮಾಡಲಿ ಅಕ್ಕಾವ್ರ? ಓಡಿ ಬರೂದು ಸೋಪಿ, ಕಷ್ಟೇನಿಲ್ಲ. ಅತ್ತೀನ್ನ ಬಿಟ್ಟು ಬರೂದು ಸೋಪಿ ಅಲ್ಲ.

ಸಲೋಮಿ


ಹೊನ್ನಾವರ
೩ ಜನವರಿ ೧೯೬೬

ಪ್ರಿಯ ಸಲೋಮಿ,

ಏನು ಮಾಡು ಎಂದು ನಾನು ಹೇಳುವುದಿಲ್ಲ. ಒಮ್ಮೆ ಹೇಳಿದ್ದು ಸಾಕು. ನನ್ನ ಕೋಣೆಯ ಮಾತು ಹಾಗೇ ಇದೆ, ಶೇವಂತೆವ್ವನಿಗೂ ಸೇರಿ.

ಒಂದು ವಿಷಯ ಮಾತ್ರ. ಆ ವಿಚಾರ ಮತ್ತೆ ಬಂದಾಗ ನೀನು ಅದನ್ನು ಬಾಯಿಬಿಟ್ಟು ಒಬ್ಬರ ಮುಂದೆ ಹೇಳಿದೆ. ನಾನು ಆ ಕೆಲಸವನ್ನು ಅರವತ್ತೆರಡು ವರ್ಷದಲ್ಲಿ ನಿನಗೆ ಬರೆದ ಒಂದೇ ಕಾಗದದಲ್ಲಿ ಮಾಡಿದ್ದೇನೆ. ದೇವರ ಮುಂದೆಯೂ ಹಾಗೇ ಹೇಳು. "ನನಗೆ ಇವನ ಹೆದರಿಕೆ ಇದೆ, ಇವನು ಬರುವುದು ನನಗೆ ಬೇಡ" ಎಂದು ಇದ್ದ ಹಾಗೆ ಹೇಳು. ಚಂದ ಮಾಡಿ ಹೇಳಬೇಡ. ಅವನ ಮುಂದೆ ಮುಚ್ಚಿಟ್ಟದ್ದು ಒಳಗೇ ಕೊಳೆಯುತ್ತದೆ. ನನ್ನೊಳಗೆ ಕೊಳೆತದ್ದನ್ನು ನೋಡಿ ಹೇಳುತ್ತಿದ್ದೇನೆ.

ನಾನು ಅಂಬಾಬಾಯಿಗೂ ಒಂದು ಕಾಗದ ಹಾಕಿದೆ. ಆಕೆ ತೀರಿಕೊಂಡು ಎರಡು ವರ್ಷವಾಯಿತಂತೆ, ಮಗ ಬರೆದಿದ್ದಾನೆ.

ಹನ್ನಾ


ಹುಬ್ಬಳ್ಳಿ
೧೭ ಏಪ್ರಿಲ್ ೧೯೬೬

ಪೂಜ್ಯ ಅಕ್ಕಾವ್ರಿಗೆ,
ಸಲೋಮಿಯ ವಂದನೆಗಳು.

ಮೂರು ತಿಂಗಳು ಬರೀಲಿಲ್ಲ. ಬರಿಯೂದಕ್ಕಿಂತ ನಡಿಯೂದ ಭಾಳಿತ್ತು.

ಮಾರ್ಚ್ ಎರಡಕ್ಕ ಅವರು ಬಂದ್ರು. ಸ್ಟೇಶನ್ನಿಗೆ ಹಾರ ಹಿಡಕೊಂಡು ಮಂದಿ ಹೋಗಿದ್ರು, ನಾ ಹೋಗಲಿಲ್ಲ. ಭಾಳ ಸೊರಗ್ಯಾರ. ಬಲಗಾಲು ಎಳದು ನಡೀತಾರ. ಅವರನ್ನ ನೋಡಿ ನನಗ ಅಯ್ಯೋ ಪಾಪ ಅನಿಸ್ತು, ಹೆದರಿಕೀನೂ ಆತು. ಎರಡೂ ಒಂದ ಹೊತ್ತಿಗೆ ಬಂದ್ವು. ಎರಡನ್ನೂ ಹೊರಗ ಹಾಕಲಿಲ್ಲ.

ಎರಡು ದಿವಸ ಮನಿ ತುಂಬ ಮಂದಿ. ಮೂರನೇ ದಿವಸ ಮಧ್ಯಾಹ್ನ ಮೂವರ ಉಳಿದಿವಿ. ಉಂಡು ಕುಂತಾಗ ಅವರ ಮಾತು ತಗದ್ರು. "ಅಲ್ಲೆ ನಾ ದಿನಾ ನಿನ್ನ ನೆನಸತಿದ್ದೆ" ಅಂದ್ರು.

"ಯಾ ನನ್ನ?" ಅಂದೆ.

ಅವರಿಗೆ ತಿಳೀಲಿಲ್ಲ. ನಾನ ತಿಳಿಸಿದೆ. ಜೂನ್ ಹತ್ತರದು, ಕೂಸಿಂದು, ನಳದ ಹತ್ರ ಬಿದ್ದಿಲ್ಲ ಅನ್ನೂದು, ಎಲ್ಲಾ ಹೆಸರು ಹಿಡದು ಹೇಳಿದೆ. ಅವರಿಗೆ ಗೊತ್ತಿದ್ದದ್ದ, ಆದರ ಅದನ್ನ ಯಾರೂ ಅವರ ಮುಂದ ಮಾತಿನಾಗ ಇಟ್ಟಿರಲಿಲ್ಲ. ಆಮ್ಯಾಲೆ, "ನೀವು ಬರೂದು ಬ್ಯಾಡ ಅಂತ ನಾ ದೇವರನ್ನ ಬೇಡೀನಿ. ಅದು ತಪ್ಪು, ದೇವರ ಮುಂದ ಒಪ್ಪಿಕೊಂಡೀನಿ. ಆದರ ಯಾಕ ಬೇಡಿದೆ ಅನ್ನೂದೂ ನಿಮಗ ಗೊತ್ತಿರಲಿ" ಅಂದೆ.

ಅವರು ಎದ್ದರು. ಕೈ ಎತ್ತಿದ್ರು. ನಾ ಗೋಡೆ ಕಡೆ ಸರೀಲಿಲ್ಲ.

ಅತ್ತಿ ಮೊಣಕಾಲು ಬ್ಯಾನಿ ಇದ್ದಾಕಿ ಹೆಂಗ ಎದ್ದಳೋ ಗೊತ್ತಿಲ್ಲ. ಬಂದು ನಡುವ ನಿಂತ್ಲು. "ಎಲಿಯಾ, ಕೈ ಮಾಡೂದಿದ್ದರ ನನ್ನ ಮ್ಯಾಲೆ ಮಾಡು. ನಿಮ್ಮಪ್ಪ ಮಾಡ್ಯಾನ, ನನಗ ರೂಢಿ ಐತಿ" ಅಂದ್ಲು. ಅವರ ಕೈ ಕೆಳಗ ಬಂತು. ಆಗ ಅತ್ತಿ, "ನಿನ್ನ ಟ್ರಂಕು ತಗೊ. ಈ ಮನ್ಯಾಗ ನೀ ಇರೂದು ಬ್ಯಾಡ" ಅಂದ್ಲು. ಏಳು ತಿಂಗಳು ಮೊಣಕಾಲೂರಿ ಬೇಡಿ ಪಡಕೊಂಡ ಮಗಾ ಅವರು. ಅವರು ಹೊಸಲ ದಾಟೂತನಾ ಅತ್ತಿ ನಿಂತ ಇದ್ಲು. ಆಮ್ಯಾಲೆ ನಾ ಹಿಡಕೊಳ್ಳದಿದ್ರ ಬೀಳತಿದ್ಲು.

ಪಾದ್ರಿ ಸಾಹೇಬ್ರಿಗೆ ನಾನ ಹೋಗಿ ಎಲ್ಲಾ ಹೇಳಿದೆ. ಮೊದಲ ಅವರು, ಸೆರೆಯಿಂದ ಬಂದ ಮನುಷ್ಯಾ, ಸಾವಕಾಶ ಸರಿ ಹೋಗತೈತಿ ಅಂದ್ರು. ಸಿತಾರಾ ನನ್ನ ಜೋಡಿ ಬಂದಿದ್ಲು. "ಕೂಸಿನ್ನ ನಾ ಕೈಯಾಗ ಹಿಡದೀನ್ರಿ" ಅಂತ ಆಕಿ ಅಂದ ಮ್ಯಾಲೆ ಆ ಮಾತು ಬಿಟ್ಟು ಗುಡಿ ಹಿಂದಿನ ಕೋಲಿ ಕೀಲಿ ತಗೊಂಡು ಎದ್ರು. ಈಗ ನಮ್ಮನಿಯವರು ಆ ಕೋಲ್ಯಾಗ ಇರತಾರ. ಪಾದ್ರಿ ಸಾಹೇಬ್ರು ದಿನಾ ಅವರ ಜೋಡಿ ಕುಂಡರತಾರಂತ. ಏನು ಮಾತಾಡತಾರೋ ನನಗ ಗೊತ್ತಿಲ್ಲ. ಪಲ್ಟನ್ನಿನಿಂದ ಅವರಿಗೆ ಬಿಡುಗಡೆ ಆಗತೈತಂತ, ಕಾಲಿನ ದೆಸೆಯಿಂದ.

ನಾ ಹೊನ್ನಾವರಕ್ಕ ಬರಂಗಿಲ್ಲ ಅಕ್ಕಾವ್ರ. ಇಲ್ಲೇ ಇರತೇನಿ. ನಿಮ್ಮ ಮ್ಯಾಲಿನ ಸಿಟ್ಟು ಕಡಿಮಿ ಆಗೈತಿ, ಪೂರಾ ಹೋಗಿಲ್ಲ. ಹೋದ ದಿವಸ ತಿಳಸತೇನಿ. ಮನಸಿನಾಗ ಕೆಟ್ಟದ್ದು ಬರೂದು ನಿಂತಿಲ್ಲ. ಬಂದಾಗ ದೇವರಿಗೆ ತೋರಸತೇನಿ, ಹೊಲಿಗಿ ಮುಂದ ಸಾಗಸತೇನಿ. ಈಸ್ಟರ್ ದಿವಸ ಬಟ್ಟಲಾ ನನ್ನ ಕಡೆ ಬಂದಾಗ ತಗೊಂಡೆ.

ಅತ್ತಿ ದಿನಾ ಮುಂಜಾನೆ ಬುತ್ತಿ ಕಟ್ಟಿಕೊಂಡು ಕೋಲು ಊರಿಕೋತ ಗುಡೀತನಾ ಹೋಗಿ ಮಗನಿಗೆ ಕೊಟ್ಟು ಬರತಾಳ. ನನ್ನ ಬಾ ಅನ್ನಂಗಿಲ್ಲ, ರೊಟ್ಟಿ ಮಾಡಿಕೊಡು ಅಂತನೂ ಅನ್ನಂಗಿಲ್ಲ, ತಾನ ಬಡೀತಾಳ. ನಿನ್ನೆ ಆಕೀಗೆ ಜ್ವರ ಇತ್ತು. ಒಲಿ ಮುಂದ ಕುಂತು ನಾನ ರೊಟ್ಟಿ ಬಡದೆ. ಎರಡು ಅತ್ತೀಗೆ, ಎರಡು ನನಗ. ಹಿಟ್ಟು ಉಳದಿತ್ತು. ಅದನ್ನ ಮುಚ್ಚಿಟ್ಟೆ, ತಿರುಗಿ ತಗದೆ. ಆಮ್ಯಾಲೆ ಇನ್ನೊಂದು ಬಡದು, ಅರಿವ್ಯಾಗ ಸುತ್ತಿ, ಮಕಬೂಲಸಾಬರ ಕೈಯಾಗ ಗುಡೀಗೆ ಕಳಿಸಿದೆ.

ಅದಕ್ಕ ನೀವು ಕ್ಷಮಾ ಅಂತ ಹೆಸರಿಡಬ್ಯಾಡ್ರಿ. ಅದು ಒಂದು ರೊಟ್ಟಿ.

ನಿಮ್ಮ ಮಗಳು,
ಸಲೋಮಿ